ಸೊನ್ನೆ ಸೆಂಟು ಮಳೆ

ಮೂಡಿಗೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ, ಒಂಬತ್ತನೇ ತರಗತಿ. ಇಲ್ಲಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಅದನ್ನೇ ಮನೆಗೆಲಸಕ್ಕೆ ಕೊಟ್ಟೆ: ಐದು ದಿನದ ಮಳೆ 40, 0, 120, 0, 60 ಸೆಂಟು. ಸರಾಸರಿ ಎಷ್ಟು?

ಒಬ್ಬ ಹುಡುಗ 220ನ್ನು 5ರ ಬದಲು 3ರಿಂದ ಭಾಗಿಸಿದ್ದ. 44 ಬರಬೇಕಿತ್ತು, 73.3 ಬಂದಿತ್ತು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ.

“ಮಳೆ ಬರದ ದಿನಾನ ಯಾಕೆ ಸೇರಿಸ್ಬೇಕು ಟೀಚರ್?”

ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ನಿಯಮ ಹಾಗಿದೆ” ಎಂದು ಕೂರಿಸಿದೆ. ಆಮೇಲೆ ಅವನು ಕೈ ಎತ್ತಲಿಲ್ಲ.

ಮರುದಿನ ಅವನನ್ನೇ ಹಲಗೆಗೆ ಕರೆದೆ. ಆರನೇ ದಿನ ‘ಮ’ ಸೆಂಟು ಸುರಿದು ಸರಾಸರಿ 50 ಆಗಬೇಕು. ನನ್ನ ದಾರಿ: (220 + ಮ) ÷ 6 = 50; ಮ = 80. ಅವನ ದಾರಿ: (220 + ಮ) ÷ 4 = 50; ಮ = −20.

“ಮೋಡಕ್ಕೆ 20 ಸೆಂಟು ವಾಪಸ್ ಕೊಡ್ಬೇಕಾ?” ಎಂದು ತಾನೇ ನಕ್ಕ.

ಬೀಜಗಣಿತದಲ್ಲಿ ಅವನದೇನೂ ತಪ್ಪಿಲ್ಲ. ನಾಲ್ಕು ದಿನಕ್ಕೆ 50ರಂತೆ ಬೇಕಾದ್ದು 200. ಆಗಲೇ 220 ಸುರಿದಿದೆ. ತಪ್ಪಿದ್ದು ನನ್ನ ಪ್ರಶ್ನೆಯಲ್ಲಿ. ಕೆಂಪು ಗುರುತು ಹೊಡೆದುಹಾಕಿ, ಹೀಗೆ ಬರೆಸಿದೆ: ಐದು ದಿನಗಳಲ್ಲಿ ದಿನವೊಂದಕ್ಕೆ ಸರಾಸರಿ ಎಷ್ಟು? ಮಳೆ ಬಂದ ದಿನವೊಂದಕ್ಕೆ ಎಷ್ಟು?