ಔಗ್ಸ್‌ಬುರ್ಗಿನ ಧರ್ಮವಸತಿ: ಸಾಲುಮನೆಯ ಗೋಡೆಯೂ ಅದರ ಶಾಖವೂ

ಚಳಿಗಾಲದ ರಾತ್ರಿ ಮೂವರು ಮಕ್ಕಳು ಒತ್ತಾಗಿ ಮಲಗಿದರೆ ನಡುವಿನವನಿಗೆ ಹೆಚ್ಚು ಬೆಚ್ಚಗಿರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಜಾಗಕ್ಕಾಗಿ ಜಗಳವಾಗುವುದೂ ಉಂಟು. ನಡುವಿನವನ ಎರಡು ಪಕ್ಕಗಳಲ್ಲಿಯೂ ಅವನಷ್ಟೇ ಬೆಚ್ಚಗಿರುವ ದೇಹಗಳಿರುವುದರಿಂದ ಅವನ ಮೈಯ ಶಾಖವು ಆ ಕಡೆಗೆ ಹರಿದುಹೋಗಲು ಕಾರಣವಿಲ್ಲ. ಮನೆಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ. ಜರ್ಮನಿಯ ಔಗ್ಸ್‌ಬುರ್ಗ್ ನಗರದಲ್ಲಿ ಬಡವರಿಗೆಂದು ಐನೂರು ವರ್ಷಗಳ ಹಿಂದೆ ಕಟ್ಟಿದ ಸಾಲುಮನೆಗಳನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಈ ಸಾಲುಮನೆಗಳಿಗೆ ಫುಗ್ಗೆರೈ ಎಂದು ಹೆಸರು. ಯಾಕೋಬ್ ಫುಗ್ಗರ್ ಎಂಬ ವರ್ತಕನು 1516ರಲ್ಲಿ ಇವನ್ನು ಕಟ್ಟಿಸಲು ಆರಂಭಿಸಿದನು. 1521ರ ಆಗಸ್ಟ್ 23ರಂದು ದಾನಪತ್ರವನ್ನು ಬರೆಸಿದನು. ಥಾಮಸ್ ಕ್ರೆಬ್ಸ್ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ 1523ರ ವೇಳೆಗೆ 52 ಮನೆಗಳು ಸಿದ್ಧವಾದುವು. ನಮ್ಮ ಧರ್ಮಛತ್ರಗಳು ದಾರಿಹೋಕರಿಗೆ ಒಂದೆರಡು ರಾತ್ರಿ ಆಶ್ರಯ ಕೊಡುವಂಥವು. ಇದಾದರೋ ಊರಿನ ಬಡವರು ಬದುಕಿರುವಷ್ಟು ಕಾಲವೂ ವಾಸಿಸಬಹುದಾದ ಜಾಗ. ಆದುದರಿಂದ ಇದನ್ನು ಧರ್ಮವಸತಿಯೆಂದು ಕರೆಯುವುದು ಉಚಿತವಾದೀತು. ಭಿಕ್ಷುಕರಿಗೆ ಇಲ್ಲಿ ಪ್ರವೇಶವಿರಲಿಲ್ಲ. ದುಡಿದೂ ಹೊಟ್ಟೆ ತುಂಬದ ಕೈಕಸುಬಿನವರಿಗೆ, ಕೂಲಿಯವರಿಗೆ, ಅವರ ಸಂಸಾರಗಳಿಗೆ ಇದು ಮೀಸಲಾಗಿತ್ತು. ವರ್ಷಕ್ಕೆ ಒಂದು ರೈನ್ ಗುಲ್ಡನ್ ನಾಣ್ಯವೂ, ದಾನಿಯ ಮನೆತನಕ್ಕಾಗಿ ದಿನಕ್ಕೆ ಮೂರು ಪ್ರಾರ್ಥನೆಗಳೂ ಬಾಡಿಗೆಯೆಂದು ಗೊತ್ತಾಯಿತು.

ದಾನಿಯ ಹಣವು ಎಲ್ಲಿಂದ ಬಂದಿತೆಂಬುದನ್ನೂ ಇಲ್ಲಿ ಹೇಳಬೇಕು. ತಾಮ್ರ ಮತ್ತು ಬೆಳ್ಳಿಯ ಗಣಿಗಳು, ರಾಜರಿಗೆ ಕೊಟ್ಟ ಸಾಲಗಳು, ಪರದೇಶದ ವ್ಯಾಪಾರ ಇವು ಫುಗ್ಗರನ ಸಂಪತ್ತಿನ ಮೂಲಗಳು. 1519ರಲ್ಲಿ ಐದನೆಯ ಚಾರ್ಲ್ಸನು ಚಕ್ರವರ್ತಿಯಾಗಿ ಚುನಾಯಿತನಾದುದು ಬಹುಮಟ್ಟಿಗೆ ಇವನ ಸಾಲದ ಬಲದಿಂದ. ಈ ಕಥೆಯ ಒಂದು ಎಳೆಯು ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. 1505ರಲ್ಲಿ ಅಲ್ಮೇಡಾನ ನೇತೃತ್ವದಲ್ಲಿ ಪೋರ್ಚುಗಲ್ಲಿನಿಂದ ಹೊರಟ ನೌಕಾದಳದಲ್ಲಿ ಔಗ್ಸ್‌ಬುರ್ಗಿನ ವರ್ತಕರು ಬಂಡವಾಳ ಹೂಡಿದ್ದರು. ಫುಗ್ಗರ್ ಮನೆತನವೂ ಅವರಲ್ಲಿ ಸೇರಿತ್ತು. ಆ ನೌಕಾದಳವು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿತು, ಹೊನ್ನಾವರದ ಮೇಲೆ ದಾಳಿ ಮಾಡಿತು, ಮೆಣಸನ್ನು ತುಂಬಿಕೊಂಡು ಹಿಂದಿರುಗಿತು. ಬಡವರ ಮನೆಯ ಇಟ್ಟಿಗೆಗಳಿಗೆ ಸಂದ ಹಣವೆಲ್ಲವೂ ಪುಣ್ಯದ ಹಣವೆಂದು ಭಾವಿಸಬೇಕಾದ ಅಗತ್ಯ ನಮಗಿಲ್ಲ. ಆದರೂ ಕಟ್ಟಿದ ಮನೆಯು ಒಳ್ಳೆಯ ಮನೆಯೇ ಆಗಿತ್ತು.

ನಮ್ಮ ಹಳೆಯ ವಠಾರಗಳಲ್ಲಿ ಅಂಗಳ ಒಂದು, ನಲ್ಲಿ ಒಂದು, ಹೊರಬಾಗಿಲೂ ಒಂದೇ. ಫುಗ್ಗೆರೈಯಲ್ಲಿ ಹಾಗಲ್ಲ. ಸುತ್ತಲೂ ಗೋಡೆ, ಅದರಲ್ಲಿ ರಾತ್ರಿ ಮುಚ್ಚುವ ಹೆಬ್ಬಾಗಿಲುಗಳು, ಒಳಗೆ ನೇರವಾದ ಓಣಿಗಳು, ಓಣಿಗಳ ಉದ್ದಕ್ಕೂ ಒಂದೇ ಮಾದರಿಯ ಎರಡಂತಸ್ತಿನ ಮನೆಗಳು. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಒಂದೊಂದು ವಸತಿಯೂ ಸುಮಾರು 60 ಚದರ ಮೀಟರಿನಷ್ಟು ವಿಶಾಲವಾಗಿದೆ. ಆದರೆ ಬೀದಿಯ ಕಡೆಗೆ ಬಾಗಿಲುಗಳು ಎರಡು! ಒಂದರಿಂದ ಕೆಳಮನೆಗೆ ಪ್ರವೇಶ. ಪಕ್ಕದ್ದನ್ನು ತೆರೆದರೆ ಮಹಡಿಯ ಮೆಟ್ಟಿಲು. ಕೆಳಗಿನವರಿಗೆ ಹಿತ್ತಿಲಿನ ಸಣ್ಣ ತೋಟ, ಮೇಲಿನವರಿಗೆ ಛಾವಣಿಯಡಿಯ ಅಟ್ಟ. ಹಂಚಿಕೆಯಲ್ಲಿ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಂಡಿದ್ದಾರೆ. ಬಡವನಿಗೂ ತನ್ನದೇ ಆದ ಬಾಗಿಲು, ತನ್ನದೇ ಆದ ಒಲೆ ಇರಬೇಕೆಂಬ ಈ ಎಣಿಕೆಯು ಆ ಕಾಲಕ್ಕೆ ಸಣ್ಣದೇನೂ ಅಲ್ಲ.

ಈಗ ಗೋಡೆಯ ವಿಚಾರಕ್ಕೆ ಬರೋಣ. ಒಂದು ಗೋಡೆಯ ಮೂಲಕ ಹರಿಯುವ ಶಾಖವು ಮುಖ್ಯವಾಗಿ ಗೋಡೆಯ ವಿಸ್ತೀರ್ಣವನ್ನೂ, ಅದರ ಎರಡು ಪಕ್ಕಗಳ ಉಷ್ಣತೆಗಳ ಅಂತರವನ್ನೂ ಅವಲಂಬಿಸಿದೆ. ವಿಸ್ತೀರ್ಣವು ಇಮ್ಮಡಿಯಾದರೆ ನಷ್ಟವೂ ಇಮ್ಮಡಿ. ಅಂತರವು ಅರ್ಧವಾದರೆ ನಷ್ಟವೂ ಅರ್ಧ. ಗೋಡೆಯು ದಪ್ಪವಾದಷ್ಟೂ ಶಾಖದ ಹರಿವು ಕಡಮೆಯಾಗುವುದೆಂಬುದು ಸರಿಯಷ್ಟೆ. ಆದರೆ ಇಟ್ಟಿಗೆಗೆ ಬೆಲೆಯುಂಟು. ಲೆಕ್ಕದ ಸೌಕರ್ಯಕ್ಕಾಗಿ 10 ಮೀಟರ್ ಅಗಲ, 8 ಮೀಟರ್ ಆಳ, 5 ಮೀಟರ್ ಎತ್ತರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅದು ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದರೆ ಅದರ ನಾಲ್ಕು ಗೋಡೆಗಳೂ ಚಳಿಗೆ ಮೈಯೊಡ್ಡುತ್ತವೆ. ಅವುಗಳ ವಿಸ್ತೀರ್ಣ 180 ಚದರ ಮೀಟರ್. ಅದೇ ಮನೆಯು ಸಾಲಿನ ನಡುವೆ ಇದ್ದರೆ ಮುಂದಿನ ಮತ್ತು ಹಿಂದಿನ ಗೋಡೆಗಳು ಮಾತ್ರ ಹೊರಗಿರುತ್ತವೆ. ವಿಸ್ತೀರ್ಣ 100 ಚದರ ಮೀಟರ್. ತುದಿಯ ಮನೆಗೆ ಒಂದು ಪಕ್ಕದ ಗೋಡೆಯು ಹೆಚ್ಚಾಗಿ 140 ಆಗುತ್ತದೆ. ಇಂಥ ಹತ್ತು ಮನೆಗಳು ಬಿಡಿಬಿಡಿಯಾಗಿದ್ದರೆ ಒಟ್ಟು 1800, ಸಾಲಾಗಿದ್ದರೆ 1080. ಐದರಲ್ಲಿ ಎರಡು ಪಾಲು ಉಳಿಯಿತು. ಛಾವಣಿಯ ಮೂಲಕ ಆಗುವ ನಷ್ಟವನ್ನು ಇಲ್ಲಿ ಸೇರಿಸಿಲ್ಲ, ಏಕೆಂದರೆ ಅದು ಎರಡು ಸಂದರ್ಭಗಳಲ್ಲಿಯೂ ಒಂದೇ. ಇಷ್ಟಲ್ಲದೆ ಪಕ್ಕದ ಗೋಡೆಗಳು 20ರ ಬದಲು 11 ಸಾಕಾಗುತ್ತವೆ. ಇಟ್ಟಿಗೆ ಮತ್ತು ನಿವೇಶನದ ಈ ಉಳಿತಾಯವೇ ಕ್ರೆಬ್ಸನ ಮನಸ್ಸಿನಲ್ಲಿ ಮೊದಲು ಇದ್ದಿರಬೇಕೆಂದೂ, ಬೆಚ್ಚನೆಯ ಲಾಭವು ಅದರ ಬೆನ್ನಿಗೆ ಬಂದುದೆಂದೂ ನಮಗೆ ತೋರುತ್ತದೆ.

ನಡುಗೋಡೆಯ ವಿಷಯದಲ್ಲಿ ಒಂದು ತಮಾಷೆಯುಂಟು. ನಮ್ಮ ಕೋಣೆ 18 ಡಿಗ್ರಿ, ನೆರೆಯವನದೂ 18 ಡಿಗ್ರಿ ಎಂದಿಟ್ಟುಕೊಂಡರೆ ಉಷ್ಣತೆಯ ಅಂತರವು ಸೊನ್ನೆ, ನಷ್ಟವೂ ಸೊನ್ನೆ. ಆದರೆ ನೆರೆಯವನು ಜಿಪುಣನಾಗಿ ಒಲೆಯನ್ನೇ ಹೊತ್ತಿಸದೆ ಅವನ ಕೋಣೆಯು 8 ಡಿಗ್ರಿಗೆ ಇಳಿದರೆ, ನಮ್ಮ ಸೌದೆಯ ಶಾಖವು ಕೇಳದೆಯೇ ಅವನ ಮನೆಗೆ ಹರಿಯುತ್ತದೆ. ಹೊರಗೆ ಸೊನ್ನೆಗಿಂತ 2 ಡಿಗ್ರಿ ಕೆಳಗಿದ್ದರೂ ಅವನು ಅಷ್ಟಾಗಿ ನಡುಗುವುದಿಲ್ಲ. ಸಾಲುಮನೆಯಲ್ಲಿ ಇಂಥ ದಾನವು ದಿನವೂ ನಡೆಯುತ್ತಿರುತ್ತದೆ. ಕೊಟ್ಟವನಿಗೆ ತಿಳಿಯುವುದೇ ಇಲ್ಲ. ಕೆಳಮನೆಯ ಶಾಖವೂ ಹೀಗೆಯೇ ಮಹಡಿಯವರಿಗೆ ಸ್ವಲ್ಪ ದೊರೆಯುತ್ತದೆ. ಮಹಡಿಯ ಮೇಲಿನ ಅಟ್ಟದಲ್ಲಿ ಗಾಳಿಯು ನಿಂತಿರುವುದರಿಂದ, ನಿಂತ ಗಾಳಿಯು ಶಾಖವನ್ನು ಸುಲಭವಾಗಿ ಸಾಗಿಸದೆ ಇರುವುದರಿಂದ, ಅದೊಂದು ಹೊದಿಕೆಯಂತೆ ಕೆಲಸ ಮಾಡುತ್ತದೆ.

ಇನ್ನೊಂದು ಸಣ್ಣ ಯುಕ್ತಿಯನ್ನು ಗಮನಿಸಬೇಕು. ಎಲ್ಲ ಮನೆಗಳೂ ಒಂದೇ ಮಾದರಿ, ಬೀದಿದೀಪವಿಲ್ಲದ ಕಾಲ. ಕತ್ತಲೆಯಲ್ಲಿ ಹಿಂದಿರುಗಿದವನು ತನ್ನ ಬಾಗಿಲನ್ನು ಗುರುತಿಸುವುದೆಂತು? ಬಾಗಿಲ ಪಕ್ಕದಲ್ಲಿ ತೂಗುವ ಕರೆಗಂಟೆಯ ಕಬ್ಬಿಣದ ಹಿಡಿಗಳನ್ನು ಬೇರೆಬೇರೆ ಆಕಾರಗಳಲ್ಲಿ ಮಾಡಿದ್ದಾರೆ. ಒಂದು ಮೂರೆಸಳಿನ ಎಲೆಯಂತೆ, ಇನ್ನೊಂದು ಪೈನ್ ಮರದ ಕಾಯಿಯಂತೆ. ಕೈಯಿಂದ ತಡವಿದರೆ ಮನೆಯು ಗೊತ್ತಾಗುತ್ತದೆ. ಬೆಳಕು ಮಾಡಲಾರದ ಕೆಲಸವನ್ನು ಸ್ಪರ್ಶವು ಮಾಡುತ್ತದೆ. ಅಕ್ಷರ ಬಾರದವನಿಗೂ ತೊಂದರೆಯಿಲ್ಲ.

ಸಂಗೀತಗಾರ ಮೋಟ್ಸಾರ್ಟನ ಮುತ್ತಜ್ಜನಾದ ಫ್ರಾನ್ಸ್ ಮೋಟ್ಸಾರ್ಟನು ಕಸುಬಿನಿಂದ ಗಾರೆಯವನು. ಅವನೂ 1681ರಿಂದ 1694ರವರೆಗೆ ಇಲ್ಲಿಯೇ ವಾಸವಾಗಿದ್ದನು.

ಸಾಲುಮನೆಯ ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕಲ್ಲವೆ? ಒಂದು ಛಾವಣಿಯ ಮರಕ್ಕೆ ತಗುಲಿದ ಬೆಂಕಿಯು ಪಕ್ಕದ ಛಾವಣಿಗೆ ದಾಟಲು ನಡುವೆ ತೆರಪೇ ಇರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 25ರ ರಾತ್ರಿ ಔಗ್ಸ್‌ಬುರ್ಗಿನ ಮೇಲೆ ಬೆಂಕಿಬಾಂಬುಗಳ ಮಳೆ ಸುರಿಯಿತು. ಚಳಿಯೂ ಅಸಾಧ್ಯವಾಗಿತ್ತು. ಉಷ್ಣತೆಯು ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ ಇಳಿದಿದ್ದಿತಾಗಿ, ಬೆಂಕಿಯನ್ನು ಆರಿಸಲು ತಂದ ನೀರು ಕೊಳವೆಗಳಲ್ಲಿಯೇ ಹೆಪ್ಪುಗಟ್ಟಿತು. ಊರು ಉರಿಯುತ್ತಿರುವಾಗ ನೀರು ಮಂಜುಗಡ್ಡೆಯಾಗುವುದೆಂದರೆ ಎಂಥ ವಿಪರೀತ! ಬೆಳಗಾಗುವ ಹೊತ್ತಿಗೆ ಫುಗ್ಗೆರೈಯ ಬಹುಪಾಲು ನೆಲಸಮವಾಗಿತ್ತು. ನಿವಾಸಿಗಳು ನೆಲದಡಿಯ ಬಂಕರಿನಲ್ಲಿ ಅಡಗಿದ್ದು ಬದುಕಿಕೊಂಡರು. ಆ ಬಂಕರನ್ನು ಇಂದು ಪ್ರವಾಸಿಗರು ನೋಡಬಹುದು.

ಕೆಲವೇ ದಿನಗಳಲ್ಲಿ, ಯುದ್ಧವಿನ್ನೂ ಮುಗಿಯದಿರುವಾಗಲೇ, ಫುಗ್ಗರ್ ಮನೆತನದವರು ಮರಳಿ ಕಟ್ಟಲು ನಿಶ್ಚಯಿಸಿದರು. ಕಟ್ಟಿದುದು ಹಳೆಯ ಮಾದರಿಯಲ್ಲಿಯೇ: ಅದೇ ಎರಡಂತಸ್ತು, ಅದೇ ಜೋಡಿಬಾಗಿಲು, ಅದೇ ಹಳದಿ ಗೋಡೆ, ಹಸಿರು ಕಿಟಕಿಬಾಗಿಲು, ಕೆಂಪು ಹೆಂಚು. ಮುಂದೆ ಪಕ್ಕದ ಜಾಗವನ್ನೂ ಸೇರಿಸಿಕೊಂಡು ವಸತಿಯನ್ನು ವಿಸ್ತರಿಸಿದರು. ಈಗ ಅಲ್ಲಿ 67 ಮನೆಗಳು, 140 ವಸತಿಗಳು, ಸುಮಾರು 150 ಮಂದಿ ನಿವಾಸಿಗಳು. ಖರ್ಚಿನ ಬಹುಭಾಗವು ಧರ್ಮದತ್ತಿಗೆ ಸೇರಿದ ಅರಣ್ಯಗಳ ಉತ್ಪತ್ತಿಯಿಂದಲೂ ಪ್ರವಾಸಿಗರ ಪ್ರವೇಶಧನದಿಂದಲೂ ನಡೆಯುತ್ತದೆ. ಹಳೆಯ ಗುಲ್ಡನ್ನಿನ ಲೆಕ್ಕದಂತೆ ವರ್ಷದ ಬಾಡಿಗೆಯು ಇಂದಿಗೂ 88 ಸೆಂಟುಗಳು ಮಾತ್ರ; ಒಂದು ಯೂರೋ ಕೂಡ ಆಗುವುದಿಲ್ಲ. ಆದರೆ ಮನೆಯನ್ನು ಬೆಚ್ಚಗಿಡುವ ಖರ್ಚು ಈ ಬಾಡಿಗೆಯಲ್ಲಿ ಸೇರಿಲ್ಲ. ಅದನ್ನು ನಿವಾಸಿಯೇ ತೆರಬೇಕು. ಅಲ್ಪ ಪಿಂಚಣಿಯಲ್ಲಿ ಜೀವನ ಸಾಗಿಸುವ ಮುದುಕಿಯೊಬ್ಬಳಿಗೆ ಜನವರಿಯ ತಿಂಗಳಲ್ಲಿ ಸಾಲಿನ ನಡುವಿನ ಮನೆ ದೊರೆಯಿತೋ ತುದಿಯ ಮನೆ ದೊರೆಯಿತೋ ಎಂಬುದು ಇಂದಿಗೂ ಲೆಕ್ಕಕ್ಕೆ ಬರುವ ಮಾತು.