ಬೇಲೂರು, ಹಳೇಬೀಡಿನಲ್ಲಿ ರೂಮು ಹಿಡಿಯುವ ಮುನ್ನ

ಬೇಲೂರು, ಹಳೇಬೀಡು ನೋಡಲು ಹೋಗುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರಿಬಿಡುತ್ತಾರೆ. ಜನಜಂಗುಳಿಯಿಲ್ಲದ ಮುಂಜಾನೆಯ ದೇವಾಲಯ ಸಿಗುವುದು ಅಲ್ಲೇ ಒಂದು ರಾತ್ರಿ ತಂಗಿದವರಿಗೆ. ಸೋಮನಾಥಪುರದೊಂದಿಗೆ ಈ ಎರಡೂ ಊರಿನ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ರೂಮು ಕೇಳುವಾಗ ಎಲ್ಲರ ಮೊದಲ ಪ್ರಶ್ನೆ, ‘ದೇವಸ್ಥಾನ ಕಾಣುತ್ತಾ?’ ನನ್ನ ಸಲಹೆ ಬೇರೆ: ಹೆಚ್ಚಿನ ಬಾಡಿಗೆ ಕೊಡುವುದಾದರೆ ಸದ್ದಿಲ್ಲದ ರೂಮಿಗೆ ಕೊಡಿ.

ಹೊಯ್ಸಳರ ಕೆತ್ತನೆಯನ್ನು ದೂರದಿಂದ ನೋಡಿ ದಕ್ಕಿಸಿಕೊಳ್ಳಲಾಗದು. ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಯ ಸುರುಳಿ ಎಲ್ಲವೂ ದೇವಾಲಯದ ಕಟ್ಟೆಯಾದ ಜಗತಿಯ ಮೇಲೆ ಗೋಡೆಗೆ ಒತ್ತಿ ನಿಂತವರಿಗಷ್ಟೇ ಕಾಣುವಂಥವು. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಈಗ ಶಿಖರವಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಖರವನ್ನು 1879ರಲ್ಲಿ ಇಳಿಸಲಾಯಿತು. ಹಾಗಾಗಿ ಮೇಲ್ಮಹಡಿಯ ಕಿಟಕಿಗೆ ಸಿಗುವುದು ಬೇಲೂರಿನ ರಾಜಗೋಪುರವೊಂದೇ. ಅದೂ 1397ರಲ್ಲಿ, ವಿಜಯನಗರದ ಕಾಲದಲ್ಲಿ, ಮತ್ತೆ ಕಟ್ಟಿದ್ದು. ಗೋಪುರವೇ ಬೇಕೆನ್ನುವವರು ದೇವಸ್ಥಾನದ ಬೀದಿಯಲ್ಲಿ ಪಶ್ಚಿಮಕ್ಕೆ ಕಿಟಕಿಯಿರುವ ರೂಮು ಕೇಳಬೇಕು. ಗೋಪುರ ದೇವಾಲಯದ ಪೂರ್ವ ದಿಕ್ಕಿನಲ್ಲಿರುವುದರಿಂದ ಅದರ ಹೊರಮುಖಕ್ಕೆ ಎಳೆಬಿಸಿಲು ಬೀಳುತ್ತದೆ, ನಿಮ್ಮ ಕಣ್ಣಿಗೆ ಹೊಡೆಯುವುದಿಲ್ಲ.

ಇನ್ನು ಊರಿನ ಆಯ್ಕೆ. ರೈಲಿನಲ್ಲಿ ಬರುವ ಹಲವರು ಅರಸೀಕೆರೆಯಲ್ಲಿ ಇಳಿಯುತ್ತಾರೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರು, ಹಾಸನದ ಮಾರ್ಗ ಸೇರುವ ಜಂಕ್ಷನ್ ಅದು. ರಾತ್ರಿಯಿಡೀ ರೈಲುಗಳ ಸೀಟಿ, ಸ್ಟೇಷನ್ನಿನ ಪ್ರಕಟಣೆ, ಬಿ.ಎಚ್. ರಸ್ತೆಯಲ್ಲಿ ಲಾರಿಗಳು. ತಡರಾತ್ರಿ ಇಳಿದರೆ ಮಾತ್ರ ಇಲ್ಲಿ ಉಳಿಯಿರಿ, ರಸ್ತೆಗೂ ಹಳಿಗೂ ಬೆನ್ನು ಹಾಕಿದ ರೂಮು ಕೇಳಿ. ಬೆಳಿಗ್ಗೆ 1220ರ ಈಶ್ವರ ದೇವಾಲಯ ನೋಡಲು ಮರೆಯಬೇಡಿ. ನಕ್ಷತ್ರಾಕಾರದ ಅದರ ಮುಖಮಂಟಪವನ್ನು ಎಷ್ಟೋ ಜನ ನೋಡದೆಯೇ ಮುಂದೆ ಹೋಗುತ್ತಾರೆ.

ಬೇಲೂರಿನಲ್ಲಿ ಲಾಡ್ಜುಗಳು, ಊಟದ ಹೋಟೆಲುಗಳು ಹೆಚ್ಚು, ಸದ್ದೂ ಹೆಚ್ಚು. ಹಳೇಬೀಡಿನಲ್ಲಿ ರೂಮುಗಳೇ ಕಡಿಮೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ ಶಾಂತಲಾ’ ಹೋಟೆಲು ದೇವಸ್ಥಾನದ ಎದುರಿಗೇ ಇದೆ. ನೆಮ್ಮದಿಯ ರಾತ್ರಿಗೆ ನನ್ನ ಮತ ಹಳೇಬೀಡಿಗೆ. ಆದರೆ ರಾತ್ರಿ ಊಟ ಸಿಗುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಎರಡೂ ಊರಿನ ನಡುವೆ ಇರುವುದು 16 ಕಿ.ಮೀ. ಮಾತ್ರ.

ದಿನಾಂಕ ಗೊತ್ತುಮಾಡುವ ಮೊದಲು ಗೋಡೆಯ ಪಂಚಾಂಗ ತೆಗೆದು ನೋಡಿ. ಮದುವೆ ಮುಹೂರ್ತದ ದಿನ ಕಲ್ಯಾಣ ಮಂಟಪದ ಪಕ್ಕದ ಲಾಡ್ಜಿನಲ್ಲಿ ನಸುಕಿಗೇ ವಾಲಗ ಶುರು. ಚೈತ್ರದ ರಥೋತ್ಸವಕ್ಕೆ ಬೇಲೂರು ತುಂಬಿಹೋಗುತ್ತದೆ. ತೇರು ನೋಡಲೆಂದೇ ಬಂದರೆ ಅದು ಬೇರೆ ಮಾತು. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ‘ಆ ದಿನ ಶಾಲೆ ಮಕ್ಕಳ ಬುಕಿಂಗ್ ಇದೆಯಾ?’ ಎಂದು ಸಂಕೋಚವಿಲ್ಲದೆ ಕೇಳಿ.

ಲಾಡ್ಜಿಗೆ ಹೋದ ಮೇಲೆ ರಿಜಿಸ್ಟರಿಗೆ ಸಹಿ ಹಾಕುವ ಮುನ್ನ ರೂಮು ನೋಡಿ. ಫ್ಯಾನು ಆಫ್ ಮಾಡಿ, ಕಿಟಕಿ ಮುಚ್ಚಿ, ಎರಡು ನಿಮಿಷ ಸುಮ್ಮನೆ ನಿಲ್ಲಿ. ಬಚ್ಚಲಿನ ವೆಂಟಿಲೇಟರಿನಿಂದ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಗುಂಯ್‌ಗುಡುವಿಕೆ ಕೇಳಿದರೆ ಆ ರೂಮು ಬೇಡ. ನೀರಿನ ಮೋಟಾರು, ಜನರೇಟರು ಎಲ್ಲಿವೆ, ಮೋಟಾರು ಎಷ್ಟು ಗಂಟೆಗೆ ಹಾಕುತ್ತಾರೆ ಎಂದು ರೂಂಬಾಯ್‌ಗೆ ಕೇಳಿ. ಅವನಿಗೆ ಗೊತ್ತಿದ್ದಷ್ಟು ಮ್ಯಾನೇಜರಿಗೂ ಗೊತ್ತಿರುವುದಿಲ್ಲ. ಮೆಟ್ಟಿಲು, ಲಿಫ್ಟಿನ ಪಕ್ಕದ ರೂಮು ಒಪ್ಪಬೇಡಿ. ಕೊನೆಯ ಮಹಡಿ ಬೇಸಿಗೆಯಲ್ಲಿ ಕಾಯುತ್ತದೆ, ನೆಲಮಹಡಿಯಲ್ಲಿ ಓಡಾಟ ಜಾಸ್ತಿ. ನಡುವಿನ ಮಹಡಿಯಲ್ಲಿ, ರಸ್ತೆಗೆ ಹಿಂದಾದ, ಸೊಳ್ಳೆ ಜಾಲರಿಯಿರುವ ರೂಮು ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಿರಿ. ಒಗ್ಗದಿದ್ದರೆ ಬೇರೆ ತೋರಿಸಿ ಎಂದು ಆಗಲೇ ಹೇಳಿ. ಮುಂಗಡ ಕೊಟ್ಟ ಮೇಲೆ ರೂಮು ಬದಲಿಸಿಕೊಳ್ಳುವುದು ಕಷ್ಟ.