ಹಳೆಯ ಕಾರಿಗೆ ಬೆಲೆ ಕಟ್ಟುವುದು ಹೇಗೆ?

ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠ ಮುಗಿದಾಗ ನನಗೆ ಒಂದು ಪ್ರಶ್ನೆ ಉಳಿಯಿತು. ಪುಸ್ತಕದಲ್ಲಿ ಬೆಲೆ ಪೂರ್ತಿ ಇಳಿದುಹೋದ ವಾಹನಕ್ಕೆ ಮತ್ತೆ ಬೆಲೆ ಬರುತ್ತದೆಯೇ? ಬರುತ್ತದೆ ಎನ್ನುವುದಕ್ಕೆ ಅಮೆರಿಕದ ಷೆವರ್ಲೆ ನೋಮ್ಯಾಡ್ ಒಳ್ಳೆಯ ಉದಾಹರಣೆ.

ನೋಮ್ಯಾಡ್ ಒಂದು ಸ್ಟೇಷನ್ ವ್ಯಾಗನ್. ಅಂದರೆ ಚಾವಣಿಯನ್ನು ಹಿಂದಿನ ತುದಿಯವರೆಗೆ ಚಾಚಿ, ಹಿಂಬಾಗಿಲಿನಿಂದ ಸಾಮಾನು ತುಂಬಲು ಜಾಗ ಮಾಡಿದ ಕುಟುಂಬದ ಕಾರು. ಎರಡೇ ಪಕ್ಕದ ಬಾಗಿಲುಗಳ ಈ ಮಾದರಿ 1955ರಿಂದ 1957ರವರೆಗೆ ತಯಾರಾಯಿತು. ಯಾವ ವರ್ಷವೂ ಸಂಖ್ಯೆ 10,000 ಮುಟ್ಟಲಿಲ್ಲ.

1955ರಲ್ಲಿ ಹೊಸ ಕಾರಿನ ಬೆಲೆ ಸುಮಾರು 2,500 ಡಾಲರ್. ಬಾಳಿಕೆ 10 ವರ್ಷ, ಗುಜರಿ ಮೌಲ್ಯ 100 ಡಾಲರ್ ಎಂದು ಇಟ್ಟುಕೊಳ್ಳೋಣ. ನೇರ ರೇಖಾ ಪದ್ಧತಿಯಲ್ಲಿ ವಾರ್ಷಿಕ ಸವಕಳಿ (2,500 − 100) ÷ 10 = 240 ಡಾಲರ್. 1965ಕ್ಕೆ ಪುಸ್ತಕ ಮೌಲ್ಯ ಬರೀ 100. ಆದರೆ ಚೆನ್ನಾಗಿ ಉಳಿದ ನೋಮ್ಯಾಡ್ ಇಂದು ಹತ್ತಾರು ಸಾವಿರ ಡಾಲರಿಗೆ ಮಾರಾಟವಾಗುತ್ತದೆ. ನಮ್ಮ ಲೆಕ್ಕ ತಪ್ಪಲ್ಲ. ಸವಕಳಿ ಎಂದರೆ ವೆಚ್ಚವನ್ನು ವರ್ಷಗಳಿಗೆ ಹಂಚುವ ಕ್ರಮ. ಮಾರುಕಟ್ಟೆ ಬೆಲೆಯನ್ನು ಬೇಡಿಕೆ ಮತ್ತು ಪೂರೈಕೆ ನಿರ್ಧರಿಸುತ್ತವೆ. ದುಡಿಸಿ ಗುಜರಿಗೆ ಹಾಕಿದ ಕಾರುಗಳೇ ಹೆಚ್ಚು, ಉಳಿದವು ಕಡಿಮೆ.

ಹಾಗಾದರೆ ಮಾರಾಟಕ್ಕೆ ಬಂದ ಕಾರಿನಲ್ಲಿ ಏನೇನು ನೋಡಬೇಕು?

1. ಗುರುತು: 1955ರ ಕಾರಿನ ಕ್ರಮಸಂಖ್ಯೆಯ ತಗಡು ಚಾಲಕನ ಬಾಗಿಲಿನ ಕಂಬದಲ್ಲಿರುತ್ತದೆ. ಸಂಖ್ಯೆ ‘ವಿಸಿ55’ ಎಂದು ಆರಂಭವಾದರೆ ಕಾರ್ಖಾನೆಯಲ್ಲೇ ಎಂಟು ಸಿಲಿಂಡರಿನ ಎಂಜಿನ್ ಇತ್ತು ಎಂದರ್ಥ. ‘ಸಿ55’ ಎಂದಿದ್ದರೆ ಆರು ಸಿಲಿಂಡರ್.

2. ತುಕ್ಕು: ಹಿಂಬಾಗಿಲಿನ ಸಂದಿನಿಂದ ನೀರು ಸೋರುವುದು ಈ ಕಾರಿನ ಹಳೆಯ ತೊಂದರೆ. ನೆಲದ ತಗಡು, ಹೆಚ್ಚುವರಿ ಚಕ್ರ ಇಡುವ ಗುಂಡಿ ನೋಡಬೇಕು. ಅಯಸ್ಕಾಂತ ಹಿಡಿದು ಸರಿಸಿದರೆ ಪುಟ್ಟಿ ದಪ್ಪಗೆ ತುಂಬಿದ ಕಡೆ ಅದು ಅಂಟುವುದಿಲ್ಲ.

3. ಬಿಡಿಭಾಗ: ಮುಂಭಾಗ ಷೆವರ್ಲೆಯ ಇತರ ಕಾರುಗಳಂತೆಯೇ ಇದೆ. ಚಾವಣಿ, ಹಿಂಬಾಗಿಲು, ಪಕ್ಕದ ಗಾಜು ಷೆವರ್ಲೆಯ ಇತರ ಕಾರುಗಳಲ್ಲಿ ಸಿಗುವುದಿಲ್ಲ. ಅವು ಇಲ್ಲದಿದ್ದರೆ ಖರ್ಚು ಏರುತ್ತದೆ.

4. ದರ್ಜೆ: ಅಮೆರಿಕದಲ್ಲಿ ಹಳೆಯ ಕಾರುಗಳನ್ನು 1ರಿಂದ 4ರವರೆಗಿನ ದರ್ಜೆಗಳಲ್ಲಿ ಅಳೆಯುವ ರೂಢಿಯಿದೆ. 1 ಎಂದರೆ ಪ್ರದರ್ಶನಕ್ಕಿಡುವಷ್ಟು ಉತ್ತಮ. ಅದೇ ದರ್ಜೆಯ ಕಾರು ಇತ್ತೀಚೆಗೆ ಎಷ್ಟಕ್ಕೆ ಹೋಯಿತು ಎಂದು ಹೋಲಿಸಬೇಕು.

ಈಗ ಮುಖ್ಯ ಮಾತು. ಒಳ್ಳೆಯ ಸ್ಥಿತಿಯ ಕಾರು 60,000 ಡಾಲರಿಗೆ ಹೋಗುತ್ತದೆ ಎನ್ನೋಣ. ನಮ್ಮ ಮುಂದಿರುವ ಕಾರಿನ ತುಕ್ಕು ತೆಗೆಸಲು 15,000 ಬೇಕು. ಆಗ ನ್ಯಾಯವಾದ ಬೆಲೆ 45,000. ಮಾರುವವರು ಪುಟ್ಟಿ ಬಳಿದು ಬಣ್ಣ ಹೊಡೆದರೆ ಆ 15,000 ಮಾಯವಾಗುವುದಿಲ್ಲ, ಕೊಳ್ಳುವವರ ಖಾತೆಗೆ ಹೋಗುತ್ತದೆ.

ಅಮೆರಿಕದಲ್ಲಿ ಇಂಥ ಕಾರುಗಳನ್ನು ‘ಇದ್ದ ಹಾಗೆ’ ಎಂದು ಬರೆದು ಮಾರುವುದು ಸಾಮಾನ್ಯ. ಆಮೇಲಿನ ದುರಸ್ತಿ ಹೆಚ್ಚಾಗಿ ಕೊಂಡವರದೇ ಹೊಣೆ. ಇಸ್ಲಾಮಿನ ವ್ಯಾಪಾರ ನಿಯಮದಲ್ಲಿ ‘ಖಿಯಾರುಲ್ ಐಬ್’ ಎಂಬುದಿದೆ. ಮಾರುವಾಗಲೇ ಇದ್ದ ದೋಷ, ಕೊಳ್ಳುವವರಿಗೆ ಗೊತ್ತಿಲ್ಲದ್ದು, ನಂತರ ಕಂಡರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಅದು. ಮನೆಯಲ್ಲಿ ಅಬ್ಬಾ ಯಾವ ಹಳೆಯ ಸಾಮಾನು ಕೊಳ್ಳುವಾಗಲೂ ಬೆಲೆಗಿಂತ ಮೊದಲು “ಇಸ್‌ಮೆ ಐಬ್ ಕ್ಯಾ ಹೈ?” ಎಂದು ಕೇಳುತ್ತಾರೆ. ಅದು ಚೌಕಾಸಿಯ ಮಾತು ಎಂದುಕೊಂಡಿದ್ದೆ. ಬೆಲೆ ಕಟ್ಟುವ ಮೊದಲ ಹೆಜ್ಜೆಯೇ ಅದು ಎಂದು ಈಗ ಅರ್ಥವಾಯಿತು.

ಗೆಳೆಯರೇ, ನಿಮ್ಮ ಮನೆಯ ಹಳೆಯ ಬೈಕನ್ನೋ ಹೊಲಿಗೆ ಯಂತ್ರವನ್ನೋ ಮಾರುವ ದಿನ ಬಂದರೆ, ಮೊದಲು ಅದರ ದೋಷಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬೆಲೆಯನ್ನು ಅದರ ಕೆಳಗೆ ಬರೆಯಿರಿ.